ಚಿಕ್ಕ ಆಟವೊಂದನ್ನು ಆಡಿ, ಅದರ ಬಗ್ಗೆ ಕನ್ನಡದಲ್ಲಿ ಬರೆಯುವ ಬಗೆ

ಬೆಂಗಳೂರಿನಲ್ಲಿ ಸಿನಿಮಾ ನೋಡಿ ಬಂದವರು ಚಿತ್ರಮಂದಿರದ ಹೊರಗೆ ನಿಂತು ಅರ್ಧ ಗಂಟೆ ಅದರ ಬಗ್ಗೆಯೇ ಮಾತನಾಡುತ್ತಾರೆ. ರಂಗಶಂಕರದಲ್ಲಿ ನಾಟಕ ನೋಡಿದವರು ಅಲ್ಲಿಯೇ ಕೂತು ಇನ್ನೂ ಹೆಚ್ಚು ಹೊತ್ತು ಚರ್ಚಿಸುತ್ತಾರೆ. ಆದರೆ ರಾತ್ರಿ ಹನ್ನೊಂದಕ್ಕೆ ಒಳ್ಳೆಯದೊಂದು ವಿಡಿಯೊ ಗೇಮ್ ಮುಗಿಸಿದ ಕನ್ನಡಿಗ, ಮನಸ್ಸು ತುಂಬಿಬಂದಿದ್ದರೂ, ಮರುದಿನ ಅದರ ಬಗ್ಗೆ ನಾಲ್ಕು ಸಾಲು ಬರೆಯಲು ಕೂತರೆ ಇಂಗ್ಲಿಷಿಗೆ ಜಾರುತ್ತಾನೆ, ಇಲ್ಲವೇ ‘ಗ್ರಾಫಿಕ್ಸ್ ಸೂಪರ್, ಸ್ಟೋರಿ ಚೆನ್ನಾಗಿದೆ’ ಎಂದು ಅಲ್ಲಿಗೇ ನಿಲ್ಲಿಸುತ್ತಾನೆ. ಸಿನಿಮಾದ ಬಗ್ಗೆ ಬರೆಯುವ ಪದ್ಧತಿಯನ್ನೇ ಆಟಕ್ಕೂ ತಂದು, ಕಥೆ, ದೃಶ್ಯ, ಸಂಗೀತ ಎಂದು ವಿಂಗಡಿಸುತ್ತ ಹೋಗುವುದರಿಂದ, ಆಟದೊಳಗೆ ತಾನು ಮಾಡಿದ್ದೇನು ಎಂಬುದೇ ಬರಹದಿಂದ ಬಿಟ್ಟುಹೋಗುತ್ತದೆ.

ಇಂಡೀ ಆಟಗಳನ್ನು, ಎಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಒಬ್ಬರೋ ಚಿಕ್ಕ ತಂಡವೋ ಮಾಡಿದ ಆಟಗಳನ್ನು ಆಡುತ್ತ, ಅವುಗಳ ಬಗ್ಗೆ ಬರೆಯುತ್ತ ನಾನು ಕಂಡುಕೊಂಡ ದಾರಿ ಸರಳವಾದದ್ದು: ಮೊದಲು ನಿಮ್ಮ ಕೈಯನ್ನು ಗಮನಿಸಿ. ಆಟ ಅದಕ್ಕೆ ಏನು ಮಾಡಲು ಬಿಟ್ಟಿತು, ಏನನ್ನು ಬಿಡಲಿಲ್ಲ, ಎಲ್ಲಿ ತಡೆಯಿತು, ಎಲ್ಲಿ ಸಡಿಲ ಬಿಟ್ಟಿತು ಎಂಬುದನ್ನು ಹಿಡಿದುಕೊಂಡರೆ ಕಥೆ, ಚಿತ್ರ, ಸಂಗೀತಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಬಂದು ಕೂರುತ್ತವೆ. ಇದನ್ನು ಕಲಿಯುವುದಕ್ಕೆ ಚಿಕ್ಕ ಆಟಗಳೇ ಸರಿ. ಬೆಂಗಳೂರಿಗೆ ಗೇಮ್ ತಯಾರಿಕೆ ಹೊಸದೇನಲ್ಲ. 1997ರಲ್ಲೇ ಇಲ್ಲಿ ಧ್ರುವ ಇಂಟರಾಕ್ಟಿವ್ ಆರಂಭವಾಯಿತು, ಹೊರದೇಶದ ದೊಡ್ಡ ಆಟಗಳ ಎಷ್ಟೋ ಚಿತ್ರಕೆಲಸವನ್ನು ಇಲ್ಲಿನ ಕಲಾವಿದರು ಮಾಡಿಕೊಟ್ಟಿದ್ದಾರೆ. ಅಂಥ ದೊಡ್ಡ ಆಟದಲ್ಲಿ ನೂರಾರು ಕೈಗಳು ಸೇರಿರುವುದರಿಂದ ಯಾವ ನಿರ್ಧಾರ ಯಾರದು ಎಂದು ಹೊರಗಿನವರಿಗೆ ತಿಳಿಯುವುದು ಕಷ್ಟ. ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಬೇಸಾಯದ ಆಟದ ವಿಷಯ ಹಾಗಲ್ಲ. 2016ರ ಫೆಬ್ರವರಿಯಲ್ಲಿ ಬಿಡುಗಡೆಯಾದ ಆ ಆಟದ ಪ್ರೋಗ್ರಾಮಿಂಗ್, ಚಿತ್ರ, ಸಂಗೀತ, ಸಂಭಾಷಣೆ ಎಲ್ಲವನ್ನೂ ಎರಿಕ್ ಬರೋನ್ ಒಬ್ಬರೇ ಸುಮಾರು ನಾಲ್ಕೂವರೆ ವರ್ಷ ಕೂತು ಮಾಡಿದರು. ಅದರಲ್ಲಿ ನೀರಿನ ಡಬ್ಬಿ ಬೇಗ ಖಾಲಿಯಾಗುವುದೂ, ರಾತ್ರಿ ಎರಡಕ್ಕೆ ನಿಮ್ಮ ರೈತ ಕುಸಿದು ಬೀಳುವುದೂ ಒಬ್ಬ ಮನುಷ್ಯ ಯೋಚಿಸಿ ಇಟ್ಟ ಸಂಗತಿಗಳು. ಬರೆಯುವವರಿಗೆ ಇದಕ್ಕಿಂತ ಸ್ಪಷ್ಟವಾದ ವಸ್ತು ಸಿಗುವುದಿಲ್ಲ.

ಯಾವ ಆಟದಿಂದ ಶುರು ಮಾಡಬೇಕು

ಮೊದಲ ಬರಹಕ್ಕೆ ಒಂದು ಭಾನುವಾರ ಮಧ್ಯಾಹ್ನ ಮುಗಿಯುವಷ್ಟು ಚಿಕ್ಕ ಆಟವನ್ನೇ ಆರಿಸಿ. ನಲವತ್ತು ಗಂಟೆಯ ಆಟವನ್ನು ಅರ್ಧ ಆಡಿ ಬರೆದದ್ದಕ್ಕಿಂತ ಎರಡು ಗಂಟೆಯ ಆಟವನ್ನು ಎರಡು ಸಲ ಆಡಿ ಬರೆದದ್ದು ಯಾವತ್ತೂ ಮೇಲು. ನಾನು ಹೆಚ್ಚಿನವರಿಗೆ ಹೇಳುವುದು ‘ವೆಂಬಾ’. ಟೊರಾಂಟೊದ ವಿಸೈ ಗೇಮ್ಸ್ 2023ರಲ್ಲಿ ತಂದ ಈ ಆಟದಲ್ಲಿ 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ಕುಟುಂಬವೊಂದರ ತಾಯಿ, ಹರಿದು ಅಲ್ಲಲ್ಲಿ ಅಕ್ಷರ ಅಳಿಸಿಹೋದ ತನ್ನ ಅಮ್ಮನ ಅಡುಗೆ ಪುಸ್ತಕವನ್ನು ಮುಂದಿಟ್ಟುಕೊಂಡು ಅಡುಗೆ ಮಾಡುತ್ತಾಳೆ. ಮೊದಲ ಅಡುಗೆಯೇ ಇಡ್ಲಿ. ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುವಾಗ ಹಬೆ ಎಲ್ಲಿಂದ ಮೇಲೇರಬೇಕು ಎಂದು ಆಟಗಾರ ಯೋಚಿಸಬೇಕಾಗುತ್ತದೆ. ನಮ್ಮ ಮನೆಗಳಲ್ಲಿ ಇಡ್ಲಿ ಬೇಯಿಸಿದವರ ಕೈಗೆ ಅದು ಮೊದಲೇ ಗೊತ್ತಿರುವ ವಿಷಯ. ಆ ಕೈಗೆ ಗೊತ್ತಿದ್ದದ್ದನ್ನು ಆಟ ಒಗಟಾಗಿ ಮಾಡಿದೆ ಎಂಬ ಒಂದೇ ಅಂಶವನ್ನು ಹಿಡಿದು ಒಳ್ಳೆಯ ಲೇಖನ ಬರೆಯಬಹುದು. ಇಡೀ ಆಟ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ.

ಖರ್ಚಿನ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಆಟಗಳನ್ನು ಮಾರುವ ಸ್ಟೀಮ್ ತಾಣದಲ್ಲಿ ಬೆಲೆ ರೂಪಾಯಿಯಲ್ಲೇ ಇರುತ್ತದೆ, ಯುಪಿಐ ಮೂಲಕ ಪಾವತಿಸಬಹುದು, ಮತ್ತು ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸ್ ಕೇಳಬಹುದು. ಇಚ್ ಡಾಟ್ ಐಓ ತಾಣದಲ್ಲಿ ಉಚಿತವಾದವೂ, ನಿಮಗೆ ತೋಚಿದಷ್ಟು ಕೊಡಬಹುದಾದವೂ ಸಾವಿರಾರು ಇವೆ. ಡೈಸುಕೆ ಅಮಾಯಾ ಎಂಬ ಜಪಾನಿನ ಒಬ್ಬರೇ ಐದು ವರ್ಷ ದುಡಿದು 2004ರಲ್ಲಿ ಹೊರತಂದ ‘ಕೇವ್ ಸ್ಟೋರಿ’ ಉಚಿತವಾಗಿಯೇ ಬಂದದ್ದು ಎಂಬುದನ್ನು ನೆನೆದಾಗಲೆಲ್ಲ ನನಗೆ ಈ ಕ್ಷೇತ್ರದ ಮೇಲೆ ಗೌರವ ಹೆಚ್ಚುತ್ತದೆ. ಸೇಲ್ ಬಂತೆಂದು ಇಪ್ಪತ್ತು ಆಟ ಒಟ್ಟಿಗೆ ಕೊಳ್ಳಬೇಡಿ. ಒಂದನ್ನು ಕೊಂಡು, ಆಡಿ, ಬರೆದು, ಆಮೇಲೆ ಇನ್ನೊಂದಕ್ಕೆ ಹೋಗಿ.

ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಮಾನ್ಯ ಆಫೀಸ್ ಲ್ಯಾಪ್‌ಟಾಪ್‌ನಲ್ಲೇ ಇಲ್ಲಿ ಹೇಳಿರುವ ಹೆಚ್ಚಿನ ಆಟಗಳು ಓಡುತ್ತವೆ. ನೆಗೆಯುವ ಆಟಗಳಿಗೆ ಮಾತ್ರ ಒಂದು ಕಂಟ್ರೋಲರ್, ಎಂದರೆ ಎರಡೂ ಕೈಯಲ್ಲಿ ಹಿಡಿದು ಆಡುವ, ಗುಂಡಿಗಳೂ ಕಡ್ಡಿಗಳೂ ಇರುವ ಸಾಧನ ಬೇಕು. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗುವಾಗ ಲ್ಯಾಪ್‌ಟಾಪನ್ನೂ ಜೊತೆಗೆ ಒಯ್ದು, ಅಂಗಡಿಯಲ್ಲೇ ಕಂಟ್ರೋಲರನ್ನು ಅದಕ್ಕೆ ಜೋಡಿಸಿ, ಕಡ್ಡಿಯನ್ನು ಮುಟ್ಟದೆ ಬಿಟ್ಟಾಗ ಅದು ನಟ್ಟನಡುವೆ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ. ನನ್ನ ಮೊದಲ ಕಂಟ್ರೋಲರನ್ನು ಹೀಗೆ ನೋಡದೆ ತಂದಿದ್ದೆ. ಎಡಗಡೆಯ ಕಡ್ಡಿ ತಾನಾಗಿಯೇ ಒಂದಿಷ್ಟು ಬಲಕ್ಕೆ ವಾಲುತ್ತಿತ್ತು. ಪಾತ್ರ ಅಂಚಿನಿಂದ ಜಾರುವುದು ಆಟದ ದೋಷವೆಂದೇ ತಿಳಿದು ಒಂದು ವಾರ ಟಿಪ್ಪಣಿ ಬರೆದಿದ್ದೆ. ಆ ಟಿಪ್ಪಣಿಗಳನ್ನೆಲ್ಲ ಹರಿದುಹಾಕಬೇಕಾಯಿತು.

ಮೊದಲ ಅರ್ಧ ಗಂಟೆ

ಮೊದಲ ಅರ್ಧ ಗಂಟೆಯನ್ನು ಸುಮ್ಮನೆ ಆಡಿ. ನಂತರ ಆಟವನ್ನು ಮೊದಲಿನಿಂದ ಶುರು ಮಾಡಿ, ಅದೇ ಅರ್ಧ ಗಂಟೆಯನ್ನು ಪಕ್ಕದಲ್ಲಿ ನೋಟ್‌ಬುಕ್ ತೆರೆದಿಟ್ಟುಕೊಂಡು ಮತ್ತೊಮ್ಮೆ ಆಡಿ. ಈ ಸಲ ಬರೆದುಕೊಳ್ಳಬೇಕಾದದ್ದು ಕ್ರಿಯಾಪದಗಳನ್ನು ಮಾತ್ರ: ನಡೆದೆ, ನೆಗೆದೆ, ಹಿಡಿದೆ, ಬಿದ್ದೆ, ಕಾದೆ. ಈ ಪಟ್ಟಿಯಲ್ಲಿ ಯಾವ ಕ್ರಿಯಾಪದ ಹೆಚ್ಚು ಸಲ ಬಂದಿದೆಯೋ ಆಟ ಅದರ ಬಗ್ಗೆಯೇ ಇರುತ್ತದೆ. ಟ್ರೇಲರ್ ಏನೇ ಹೇಳಲಿ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 2018ರ ಜನವರಿಯಲ್ಲಿ ಬಂದ ‘ಸೆಲೆಸ್ಟ್’ನಲ್ಲಿ ಮ್ಯಾಡಲಿನ್ ಎಂಬ ಯುವತಿ ಬೆಟ್ಟವೊಂದನ್ನು ಹತ್ತುತ್ತಾಳೆ. ಅವಳಿಗೆ ಗೊತ್ತಿರುವುದು ಮೂರು ಕೆಲಸ: ನೆಗೆಯುವುದು, ಗೋಡೆಯನ್ನು ಹಿಡಿದುಕೊಳ್ಳುವುದು, ಗಾಳಿಯಲ್ಲಿ ಎಂಟು ದಿಕ್ಕುಗಳಲ್ಲಿ ಒಂದು ಕಡೆಗೆ ರಭಸದಿಂದ ಚಿಮ್ಮುವುದು. ಚಿಮ್ಮುವ ಶಕ್ತಿ ಇದ್ದಾಗ ಅವಳ ಕೂದಲು ಕೆಂಪಗಿರುತ್ತದೆ, ಅದನ್ನು ಬಳಸಿದೊಡನೆ ನೀಲಿಗೆ ತಿರುಗುತ್ತದೆ. ಪರದೆಯ ಮೂಲೆಯಲ್ಲಿ ಅಂಕಿ, ಪಟ್ಟಿ ಏನೂ ಬೇಕಾಗುವುದಿಲ್ಲ. ನೋಡಬೇಕಾದ ಸುದ್ದಿ ಕಣ್ಣು ನೆಟ್ಟಿರುವ ಜಾಗದಲ್ಲೇ ಇದೆ. ಈಗ ಒಂದು ಪ್ರಯೋಗ ಮಾಡಿ. ಬಂಡೆಯ ಅಂಚಿನವರೆಗೂ ಓಡಿ, ಅಂಚು ದಾಟಿದ ಮೇಲೆ, ಕಾಲ ಕೆಳಗೆ ನೆಲ ಇಲ್ಲದಿರುವಾಗ, ನೆಗೆಯುವ ಗುಂಡಿಯನ್ನು ಒತ್ತಿ. ತೀರಾ ತಡಮಾಡದಿದ್ದರೆ ಮ್ಯಾಡಲಿನ್ ನೆಗೆಯುತ್ತಾಳೆ. ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಆಟ ನಿಮ್ಮ ತಡವನ್ನು ಮನ್ನಿಸುತ್ತದೆ. ಡೆವಲಪರ್‌ಗಳು ಇದನ್ನು ಕಯೋಟಿ ಟೈಮ್ ಎನ್ನುತ್ತಾರೆ. ಕಾರ್ಟೂನ್‌ನಲ್ಲಿ ಕಡಿದಾದ ಅಂಚು ದಾಟಿ ಒಂದು ಕ್ಷಣ ಗಾಳಿಯಲ್ಲೇ ನಿಲ್ಲುವ ತೋಳದಂಥ ಪ್ರಾಣಿಯಿಂದ ಬಂದ ಹೆಸರು. ಈ ಪ್ರಯೋಗವನ್ನು ಹತ್ತು ಸಲ ಮಾಡಿ, ಎಷ್ಟು ಸಲ ಬಿದ್ದಿರಿ ಎಂದು ಬರೆದುಕೊಳ್ಳಿ.

‘ಸೆಲೆಸ್ಟ್ ಬಹಳ ಕಷ್ಟದ ಆಟ’ ಎಂದು ಎಲ್ಲರೂ ಬರೆದಿದ್ದಾರೆ. ಆ ಕಷ್ಟದ ಅಡಿಯಲ್ಲಿ ಇಷ್ಟೊಂದು ಕರುಣೆ ಇದೆ ಎಂಬುದು ಈ ಪ್ರಯೋಗ ಮಾಡಿದವರಿಗೆ ಮಾತ್ರ ತಿಳಿಯುತ್ತದೆ. ಅದೂ ಸಾಲದೆಂದರೆ ಆಟವನ್ನು ಸುಲಭಗೊಳಿಸುವ ಅಸಿಸ್ಟ್ ಮೋಡ್‌ನಲ್ಲಿ ಆಟದ ವೇಗವನ್ನು ಅರ್ಧಕ್ಕೆ ಇಳಿಸಿಕೊಳ್ಳಬಹುದು. ಅದನ್ನು ಬಳಸುವುದಕ್ಕೆ ಸಂಕೋಚ ಬೇಡ, ಬಳಸಿದ್ದರೆ ಲೇಖನದಲ್ಲಿ ಹಾಗೆಂದು ಹೇಳಿ. ಆತಂಕದಿಂದ ನರಳುವ ಹುಡುಗಿಯೊಬ್ಬಳ ಕಥೆಗೂ, ಬಿದ್ದ ತಕ್ಷಣ ಅದೇ ಪರದೆಯ ಆರಂಭದಲ್ಲಿ ಎಬ್ಬಿಸಿ ನಿಲ್ಲಿಸುವ ಆಟದ ನಿಯಮಕ್ಕೂ ಇರುವ ಸಂಬಂಧವನ್ನು ಹೇಳುವುದು ನಿಮ್ಮ ಬರಹದ ನಿಜವಾದ ಕೆಲಸ.

ಇದೇ ಕಣ್ಣಿನಿಂದ ಲೂಕಸ್ ಪೋಪ್ ಅವರ ‘ಪೇಪರ್ಸ್, ಪ್ಲೀಸ್’ ನೋಡಿ. 2013ರ ಈ ಆಟದಲ್ಲಿ ನೀವು ಆರ್ಸ್ಟೋಟ್ಜ್ಕಾ ಎಂಬ ಕಲ್ಪಿತ ದೇಶದ ಗಡಿಯಲ್ಲಿ ಪಾಸ್‌ಪೋರ್ಟ್ ತಪಾಸಣೆ ಮಾಡುವ ಗುಮಾಸ್ತ. ಮೇಜು ಚಿಕ್ಕದು. ಪಾಸ್‌ಪೋರ್ಟ್, ಪರವಾನಗಿ, ನಿಯಮಪುಸ್ತಕ ಎಲ್ಲವನ್ನೂ ಅದರ ಮೇಲೆ ಹರಡಿದರೆ ಒಂದರ ಅಡಿಯಲ್ಲಿ ಇನ್ನೊಂದು ಮುಚ್ಚಿಹೋಗುತ್ತದೆ, ಹುಡುಕುವಷ್ಟರಲ್ಲಿ ಹೊತ್ತು ಕಳೆಯುತ್ತದೆ, ಸಂಬಳ ಎಷ್ಟು ಜನರನ್ನು ಮುಗಿಸಿದಿರಿ ಎಂಬುದರ ಮೇಲೆ ನಿಂತಿದೆ, ಮನೆಯಲ್ಲಿ ಊಟಕ್ಕೂ ಬೆಂಕಿಗೂ ದುಡ್ಡು ಬೇಕು. ದಿನದ ಮೊದಲ ಎರಡು ತಪ್ಪುಗಳಿಗೆ ಎಚ್ಚರಿಕೆ, ಆಮೇಲಿನದಕ್ಕೆ ದಂಡ. ನಾನು ಮೊದಲ ಸಲ ಆಡಿದಾಗ, ಗಂಡನನ್ನು ಒಳಗೆ ಬಿಟ್ಟು, ಕಾಗದ ಸರಿಯಿಲ್ಲದ ಹೆಂಡತಿ ಕಿಟಕಿಗೆ ಬಂದಾಗ, ಕರುಣೆ ತೋರಿಸಬೇಕೇ ಎಂದು ಯೋಚಿಸುವ ಮೊದಲು ನನ್ನ ಎಣಿಕೆಯಲ್ಲಿ ಇನ್ನೆಷ್ಟು ಎಚ್ಚರಿಕೆ ಬಾಕಿ ಇದೆ ಎಂದು ನೋಡಿಕೊಂಡೆ. ಆ ಕ್ಷಣವನ್ನು ಹಾಗೆಯೇ ಬರೆದಿಟ್ಟೆ. ಲೇಖನ ಅಲ್ಲಿಂದಲೇ ಹುಟ್ಟಿತು. ನಿಮ್ಮ ಆಟದಲ್ಲೂ ಇಂಥದ್ದೊಂದು ಕ್ಷಣ ಬರುತ್ತದೆ. ಬಂದಾಗ ಆಟವನ್ನು ಅಲ್ಲಿಗೇ ನಿಲ್ಲಿಸಿ ಬರೆದುಕೊಳ್ಳಿ, ಬೆಳಗ್ಗೆಗೆ ಬಿಡಬೇಡಿ.

ಪದಗಳ ವಿಚಾರ

ಲೆವೆಲ್, ಸೇವ್, ಬಾಸ್, ಡೆಮೊ, ಪ್ಯಾಚ್ ಇವನ್ನೆಲ್ಲ ಹಾಗೆಯೇ ಬಳಸಿ. ಅವಕ್ಕೆ ಸಂಸ್ಕೃತದ ಸಮಾಸಗಳನ್ನು ಟಂಕಿಸಿದರೆ ಆಡುವವರಿಗೂ ಅರ್ಥವಾಗದು, ಆಡದವರಿಗೂ ಅರ್ಥವಾಗದು. ಆದರೆ ಕ್ರಿಯಾಪದದಲ್ಲಿ ಕನ್ನಡವನ್ನು ಬಿಟ್ಟುಕೊಡಬೇಡಿ. ‘ಜಂಪ್ ಮಾಡುವುದು’ ಎಂದು ಬರೆದವರು ತಮ್ಮ ಭಾಷೆಯಲ್ಲಿರುವ ಐದಾರು ಬೇರೆ ಬೇರೆ ಕೆಲಸಗಳನ್ನು ಒಂದೇ ಮೂಟೆಗೆ ತುಂಬಿದ ಹಾಗಾಯಿತು. ಮ್ಯಾಡಲಿನ್ ನೆಗೆಯುತ್ತಾಳೆ, ಚಿಮ್ಮುತ್ತಾಳೆ. ‘ಹಾಲೋ ನೈಟ್’ನ ಪುಟ್ಟ ಯೋಧ ತನ್ನ ಮೊಳೆಯಂಥ ಕತ್ತಿಯನ್ನು ಕೆಳಮುಖವಾಗಿ ಬೀಸಿ, ಮುಳ್ಳುಗಳಿಗೆ ತಗುಲಿಸಿ, ಮೇಲಕ್ಕೆ ಪುಟಿಯುತ್ತಾನೆ. ಕಪ್ಪೆ ಕುಪ್ಪಳಿಸುತ್ತದೆ, ಮೇಕೆ ಜಿಗಿಯುತ್ತದೆ. ಯಾವ ಆಟದ ನೆಗೆತಕ್ಕೆ ಯಾವ ಪದ ಒಪ್ಪುತ್ತದೆ ಎಂದು ಹುಡುಕುವಾಗಲೇ ಆ ನೆಗೆತವನ್ನು ಸರಿಯಾಗಿ ನೋಡಬೇಕಾಗುತ್ತದೆ. ‘ಕಂಟ್ರೋಲ್ಸ್ ತುಂಬ ರೆಸ್ಪಾನ್ಸಿವ್ ಆಗಿವೆ’ ಎಂಬುದರ ಬದಲು ‘ಗುಂಡಿ ಒತ್ತಿದ ಕೂಡಲೇ ಮ್ಯಾಡಲಿನ್ ನೆಗೆಯುತ್ತಾಳೆ, ಬೆರಳು ಬೇಗ ಎತ್ತಿದರೆ ನೆಗೆತ ಅಲ್ಲಿಗೇ ಮೊಟಕಾಗುತ್ತದೆ’ ಎಂದು ಬರೆದರೆ ಆಡದವರಿಗೂ ಅದು ಬೆರಳಿಗೆ ತಾಗುತ್ತದೆ.

‘ಸ್ಟಾರ್‌ಡ್ಯೂ ವ್ಯಾಲಿ’ಯ ಬಗ್ಗೆ ಬರೆಯುವವರಿಗೆ ಹಳ್ಳಿಯ ಕನ್ನಡವೇ ಸಿದ್ಧವಾಗಿ ಕಾದಿದೆ: ಅಗೆ, ಬಿತ್ತು, ಪಾತಿ, ಮಡಿ, ಕೊಯ್ಲು, ಫಸಲು. ಮೊದಲ ದಿನ ಕೈಗೆ ಬರುವ 15 ಬಿತ್ತನೆ ಬೀಜಗಳನ್ನು ಊರಿ, ಒಂದೊಂದು ಚೌಕಕ್ಕೂ ಬೇರೆ ಬೇರೆಯಾಗಿ ನೀರು ಹಾಕುವಾಗ ರೈತನ ಶಕ್ತಿಯ ಪಟ್ಟಿ ಇಳಿಯುತ್ತ ಬರುತ್ತದೆ. ಆಟದ ಒಂದು ದಿನ ನಮ್ಮ ಸುಮಾರು 14 ನಿಮಿಷದಲ್ಲಿ ಮುಗಿಯುತ್ತದೆ. ಇದನ್ನು ಮಂಡ್ಯದ ಕಡೆಯ ನನ್ನ ಸೋದರಮಾವನಿಗೆ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, ‘ಮಳೆ ಬಂದ ದಿನ ನೀರು ಹಾಕೋ ಕೆಲಸ ತಪ್ಪುತ್ತಾ?’ ಎಂದು. ತಪ್ಪುತ್ತದೆ. ಆಟವನ್ನು ಅರ್ಥ ಮಾಡಿಕೊಳ್ಳಲು ಅವರಿಗೆ ಅರ್ಧ ನಿಮಿಷ ಸಾಕಾಯಿತು.

ಚೌಕಾಬಾರ ಆಡಿ ಬೆಳೆದವರಿಗೆ ಇನ್ನೂ ಒಂದು ಅನುಕೂಲ ಇದೆ. ಗರ ಬೀಳುವುದು, ಕಾಯಿ ಕಟ್ಟೆಯಲ್ಲಿ ಕೂರುವುದು, ಕಾಯಿ ಹೊಡೆಯುವುದು, ಕಾಯಿ ಹಣ್ಣಾಗುವುದು ಇವೆಲ್ಲ ಅದೃಷ್ಟ, ಸುರಕ್ಷಿತ ಜಾಗ, ಸೋಲು, ಗುರಿ ಮುಟ್ಟುವಿಕೆಗಳಿಗೆ ನಮ್ಮ ಅಜ್ಜಿಯರು ಬಳಸಿದ ಪದಗಳು. ‘ಬಲಾಟ್ರೊ’ದಂಥ ಇಸ್ಪೀಟಿನ ಆಟದ ಬಗ್ಗೆ ಬರೆಯುತ್ತ ‘ಗರ ಒಲಿಯದ ರಾತ್ರಿ’ ಎಂದರೆ ಓದುಗರಿಗೆ ಬೇರೆ ವಿವರಣೆ ಬೇಕಿಲ್ಲ.

ನೆಗೆತದ ಬಗ್ಗೆ ಇನ್ನೂ ಆಸಕ್ತಿ ಇದ್ದರೆ ಒಮ್ಮೆ ನೀವೇ ಒಂದು ಚೌಕವನ್ನು ನೆಗೆಸಿ ನೋಡಿ. ಆಟ ತಯಾರಿಸಲು ಬಳಸುವ ಗೋಡೋ ಎಂಬ ಉಚಿತ ಎಂಜಿನ್‌ನಲ್ಲಿ ಪಾತ್ರದ ಸಿದ್ಧ ಮಾದರಿಯನ್ನು ತೆರೆದರೆ ನೆಗೆತದ ವೇಗ ಮೈನಸ್ 400 (ಮೈನಸ್ ಎಂದರೆ ಮೇಲ್ಮುಖ) ಎಂದು ಮೊದಲೇ ಬರೆದಿರುತ್ತದೆ, ಗುರುತ್ವ 980 ಎಂಬುದು ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿರುತ್ತದೆ. ಗುರುತ್ವವನ್ನು 600ಕ್ಕೆ ಇಳಿಸಿ ಆಡಿ, 1500ಕ್ಕೆ ಏರಿಸಿ ಆಡಿ. ಅದೇ ಚೌಕ ಒಮ್ಮೆ ಹತ್ತಿಯಂತೆ ತೇಲುತ್ತದೆ, ಇನ್ನೊಮ್ಮೆ ಇಟ್ಟಿಗೆಯಂತೆ ಬೀಳುತ್ತದೆ. ‘ಸೆಲೆಸ್ಟ್’ ಕೂಡ ಮೊದಲು ನಾಲ್ಕೇ ದಿನಗಳಲ್ಲಿ ಮಾಡಿದ, ಪಿಕೋ-8 ಎಂಬ ಚಿಕ್ಕ ಆಟಗಳ ತಂತ್ರಾಂಶದಲ್ಲಿ ಓಡುವ ಪುಟ್ಟ ಆಟವಾಗಿತ್ತು.

ಜೊತೆಯಲ್ಲಿ ಆಡುವ ಆಟಗಳು

ಬೆಂಗಳೂರಿನ ಮನೆಗಳಲ್ಲಿ ‘ಆನ್‌ಲೈನ್ ಗೇಮ್’ ಎಂದ ಕೂಡಲೇ ಹಿರಿಯರು ದುಡ್ಡು ಕಟ್ಟಿ ಆಡುವ ರಮ್ಮಿಯನ್ನು ನೆನೆದು ಗಾಬರಿಯಾಗುತ್ತಾರೆ. ಅಂಥ ಹಣದಾಟಗಳನ್ನು ನಿಷೇಧಿಸುವ ಕಾನೂನು 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಯಿತು. ನಾನು ಹೇಳುತ್ತಿರುವುದು ಅವುಗಳ ಬಗ್ಗೆ ಅಲ್ಲ; ಬರೆಯುವಾಗ ಈ ವ್ಯತ್ಯಾಸವನ್ನು ಒಂದು ಸಾಲಿನಲ್ಲಿ ಸ್ಪಷ್ಟಪಡಿಸಿದರೆ ಮನೆಮಂದಿಯೂ ನಿಮ್ಮ ಲೇಖನ ಓದುತ್ತಾರೆ.

ಆನ್‌ಲೈನ್ ಆಟವನ್ನು ಒಂದು ಸಲ ಆಡಿ ಬರೆಯಲಾಗದು, ಏಕೆಂದರೆ ಅಲ್ಲಿ ಆಟದ ಅರ್ಧಭಾಗ ಎದುರಿಗಿರುವ ಜನ. ಕಡೇಪಕ್ಷ ಮೂರು ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ, ಒಮ್ಮೆ ಗೆಳೆಯರೊಂದಿಗೆ, ಒಮ್ಮೆ ಅಪರಿಚಿತರೊಂದಿಗೆ ಆಡಿ. ಪ್ರತಿ ಸಲ ಪಿಂಗ್, ಎಂದರೆ ನಿಮ್ಮ ಸಂದೇಶ ಆಟದ ಸರ್ವರ್‌ಗೆ ಹೋಗಿ ಮರಳಲು ಹಿಡಿಯುವ ಹೊತ್ತು, ಎಷ್ಟಿತ್ತು ಎಂದು ಬರೆದುಕೊಳ್ಳಿ. ಇಂಟರ್ನೆಟ್ ಹರಿಯುವ ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸರ್ವರ್ ಮುಂಬೈಯಲ್ಲಿದ್ದರೆ ಬರುವ ವಿಳಂಬವೇ ಬೇರೆ, ಯುರೋಪಿನಲ್ಲಿದ್ದರೆ ಬೇರೆ. ಯುರೋಪಿನ ಸರ್ವರ್‌ನಲ್ಲಿ ಆಡಿ ‘ಗುರಿ ತಪ್ಪುತ್ತದೆ’ ಎಂದು ಆಟವನ್ನು ದೂರುವುದು ನ್ಯಾಯವಲ್ಲ. ಮಳೆಗಾಲದ ಸಂಜೆ ಕರೆಂಟ್ ಹೋಗುವ ಬಡಾವಣೆಯಲ್ಲಿದ್ದರೆ ರೌಟರ್‌ಗೆ ಒಂದು ಪುಟ್ಟ ಯುಪಿಎಸ್ ಇಟ್ಟುಕೊಳ್ಳಿ.

‘ಅಮಾಂಗ್ ಅಸ್’ 2018ರಲ್ಲೇ ಬಂದಿದ್ದರೂ ಲೋಕಕ್ಕೆಲ್ಲ ತಿಳಿದದ್ದು 2020ರಲ್ಲಿ, ಎಲ್ಲರೂ ಮನೆಯೊಳಗೇ ಇದ್ದ ಕಾಲದಲ್ಲಿ. ಅದನ್ನು ವಿವರಿಸಲು ನಮಗೆ ದೂರ ಹೋಗಬೇಕಾಗಿಲ್ಲ: ಶಾಲೆಯಲ್ಲಿ ಚೀಟಿ ಎತ್ತಿ ಆಡುತ್ತಿದ್ದ ರಾಜ-ರಾಣಿ-ಕಳ್ಳ-ಪೊಲೀಸ್ ಇದರ ಹತ್ತಿರದ ನೆಂಟ. ಆದರೆ ಚೀಟಿಯಾಟದಲ್ಲಿ ಪೊಲೀಸ್ ನೋಡುವುದು ಮುಖವನ್ನು. ಇಲ್ಲಿ ಮುಖವೇ ಇಲ್ಲ. ಯಾರು ಯಾವ ಕೋಣೆಯಲ್ಲಿದ್ದರು, ಯಾರು ಕೆಲಸ ಮಾಡುವಂತೆ ನಟಿಸಿ ತುಸು ಬೇಗ ಎದ್ದು ಹೋದರು ಎಂಬ ನಡಿಗೆಯಿಂದಲೇ ಕಳ್ಳನನ್ನು ಹಿಡಿಯಬೇಕು. ಇದಕ್ಕೆ ತದ್ವಿರುದ್ಧವಾದದ್ದು 2012ರ ‘ಜರ್ನಿ’. ಮರಳುಗಾಡಿನಲ್ಲಿ ನಿಮ್ಮಂತೆಯೇ ನಿಲುವಂಗಿ ತೊಟ್ಟ ಅಪರಿಚಿತನೊಬ್ಬ ಎದುರಾಗುತ್ತಾನೆ. ಹೆಸರಿಲ್ಲ, ಮಾತಿಲ್ಲ, ಒಂದು ಗುಂಡಿ ಒತ್ತಿದರೆ ಹಕ್ಕಿಯ ಕೂಗಿನಂಥ ಒಂದು ಸ್ವರ ಮಾತ್ರ ಹೊರಡುತ್ತದೆ. ಚಳಿಯಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ನಡೆದ ಆ ಜೊತೆಗಾರನ ಹೆಸರು ತಿಳಿಯುವುದು ಆಟ ಮುಗಿದ ಮೇಲೆಯೇ. ಮಾತನ್ನು ತೆಗೆದುಹಾಕಿದ ಆ ಒಂದು ನಿರ್ಧಾರದಿಂದ ಅಪರಿಚಿತರು ಹೇಗೆ ಸೌಜನ್ಯದಿಂದ ನಡೆದುಕೊಳ್ಳುತ್ತಾರೆ ಎಂಬುದನ್ನು ನೀವು ಕಂಡಂತೆ ಬರೆಯಿರಿ. ಜೊತೆಗೆ ಆಡಿದವರ ಹೆಸರನ್ನಾಗಲಿ, ವಾಯ್ಸ್ ಚಾಟ್‌ನ ಮಾತನ್ನಾಗಲಿ ಅವರನ್ನು ಕೇಳದೆ ಹಾಕಬೇಡಿ.

ಬರೆದ ಮೇಲೆ

ಕರಡು ಮುಗಿದ ಮೇಲೆ ಆಟದ ಕೊನೆಯ ಕ್ರೆಡಿಟ್ಸ್ ತೆರೆದು ಹೆಸರುಗಳನ್ನು ಸರಿಯಾಗಿ ನೋಡಿಕೊಳ್ಳಿ. ಸಂಗೀತ ಚೆನ್ನಾಗಿದೆ ಎಂದು ಬರೆದು ಸಂಯೋಜಕರ ಹೆಸರು ಬಿಡುವುದು ನನಗೆ ಸಹಿಸಲಾಗದ ತಪ್ಪು. ‘ಸೆಲೆಸ್ಟ್’ನ ಸಂಗೀತ ಲೀನಾ ರೇನ್ ಅವರದು ಎಂದು ಹೇಳಲು ಎರಡು ಪದ ಸಾಕು. ಯಾವ ಆವೃತ್ತಿ ಆಡಿದಿರಿ, ಯಾವ ಯಂತ್ರದಲ್ಲಿ, ಎಷ್ಟು ಹೊತ್ತು, ಕೊಂಡು ಆಡಿದಿರೋ ತಯಾರಕರು ಕೊಟ್ಟದ್ದೋ ಎಂಬುದನ್ನು ತಿಳಿಸಿ. ಕಥೆಯ ತಿರುವುಗಳನ್ನು ಬಿಚ್ಚಬೇಡಿ. ಮುಖ್ಯವಾಗಿ ‘ಇಷ್ಟು ರೂಪಾಯಿಗೆ ಇಷ್ಟು ಗಂಟೆ’ ಎಂಬ ಲೆಕ್ಕ ಹಾಕಬೇಡಿ. ಆ ಲೆಕ್ಕದಲ್ಲಿ ‘ವೆಂಬಾ’ ದುಬಾರಿಯಾಗಿ ಕಾಣುತ್ತದೆ, ಮತ್ತು ಅದರ ಕೊನೆಯ ಅಡುಗೆಯನ್ನು ಮಾಡಿ ಕೂತವರು ಯಾರೂ ಹಾಗೆ ಲೆಕ್ಕ ಹಾಕಲಾರರು.

ಕೊನೆಯದಾಗಿ, ಆ ಆಟವನ್ನು ಆಡಿರದ ಒಬ್ಬರನ್ನು ಕೂರಿಸಿಕೊಂಡು ಬರೆದದ್ದನ್ನು ಗಟ್ಟಿಯಾಗಿ ಓದಿ. ನಾನು ಹನುಮಂತನಗರದಲ್ಲಿರುವ ಅಕ್ಕನಿಗೆ ಓದುತ್ತೇನೆ. ಅವಳು ಫೋನಿನಲ್ಲಿ ಪದಬಂಧ ಬಿಟ್ಟರೆ ಬೇರೇನೂ ಆಡುವವಳಲ್ಲ. ಓದಿ ಮುಗಿಸಿ, ‘ಈ ಆಟದಲ್ಲಿ ಏನು ಮಾಡಬೇಕು ಹೇಳು?’ ಎಂದು ಕೇಳುತ್ತೇನೆ. ಅವಳು ಕಥೆ ಹೇಳಲು ಶುರು ಮಾಡಿದರೆ ಲೇಖನವನ್ನು ಮತ್ತೆ ತಿದ್ದಲು ಕೂರುತ್ತೇನೆ. ‘ಪೇಪರ್ಸ್, ಪ್ಲೀಸ್’ ಬಗ್ಗೆ ಬರೆದದ್ದನ್ನು ಕೇಳಿ, ಅವಳು ಊಟದ ಮೇಜಿನ ಮೇಲಿದ್ದ ವಿದ್ಯುತ್ ಬಿಲ್ಲನ್ನೂ ರೇಷನ್ ಕಾರ್ಡನ್ನೂ ಒಂದರ ಪಕ್ಕ ಒಂದಿಟ್ಟು, ‘ಇದರಲ್ಲಿರೋ ಹೆಸರೂ ಅದರಲ್ಲಿರೋ ಹೆಸರೂ ಒಂದೇನಾ ಅಂತ ನೋಡ್ಬೇಕು, ಬೇಗ’ ಎಂದಳು. ಆ ಲೇಖನವನ್ನು ಅಂದು ರಾತ್ರಿಯೇ ಪ್ರಕಟಿಸಿದೆ.